ಇದ್ದಷ್ಟು ತಂಪು

ಸಮೃದ್ಧಿಯಿರುವ ಕಡೆ ನ್ಯಾಯದ ಪ್ರಶ್ನೆ ಏಳುವುದು ಅಪರೂಪ. ಬಾವಿ ತುಂಬಿರುವ ತನಕ ಯಾರು ಎಷ್ಟು ಕೊಡ ಸೇದಿದರೆಂದು ಯಾರೂ ಎಣಿಸುವುದಿಲ್ಲ. ತಳ ಕಂಡ ದಿನ ಊರಿಗೆಲ್ಲ ಲೆಕ್ಕ ನೆನಪಾಗುತ್ತದೆ. ಬೇಸಗೆಯಲ್ಲಿ ತಂಪಿನ ವಿಷಯವೂ ಹೀಗೆಯೇ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಮಾನ 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಅಲ್ಲಿ ನಾವಿರುವ ಬಾಡಿಗೆ ಮನೆಯ ಪಡಸಾಲೆಯಲ್ಲಿರುವುದು ಒಂದು ಟನ್ನಿನ ಏ.ಸಿ. ಪಡಸಾಲೆಯೋ ಹತ್ತು ಮಂದಿ ಸಾಲಾಗಿ ಮಲಗುವಷ್ಟು ದೊಡ್ಡದು. ಮೇಲೆ ಬಿಸಿಲಿಗೆ ಮೈಯೊಡ್ಡಿದ ಕಾಂಕ್ರೀಟು ಮಾಳಿಗೆ, ಪಡುವಣಕ್ಕೆ ಎರಡು ಕಿಟಕಿ. ಮಧ್ಯಾಹ್ನ ಮೂರು ಗಂಟೆಗೆ ಯಂತ್ರ ಎಡೆಬಿಡದೆ ಓಡಿದರೂ ಕೋಣೆ 30 ಡಿಗ್ರಿಗಿಂತ ಕೆಳಗಿಳಿಯದು. ಆಗ ಯಾರಾದರೊಬ್ಬರು ರಿಮೋಟು ಹಿಡಿದು 24ನ್ನು 18ಕ್ಕೆ ಇಳಿಸುವುದು ನಮ್ಮಲ್ಲಿ ನಿತ್ಯವಿಧಿ.

ಅದರಿಂದ ಪ್ರಯೋಜನವಿಲ್ಲ. ಇಲ್ಲಿ ಟನ್ನೆಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಹೊರಹಾಕುವ ಶಕ್ತಿ, ಇಂದಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟು. ಆಗಲೇ ಪೂರ್ತಿ ದುಡಿಯುತ್ತಿರುವ ಯಂತ್ರಕ್ಕೆ 24 ಎಂದರೂ ಒಂದೇ, 18 ಎಂದರೂ ಒಂದೇ. ಬೇಡಿಕೆ ಹೆಚ್ಚಿಸಿದ ಮಾತ್ರಕ್ಕೆ ಬಲ ಹೆಚ್ಚದು.

ಸೆಕೆಯನ್ನು ಸಹಿಸಿಕೊಳ್ಳುವುದೇ ಸದ್ಗುಣವೆಂಬ ಉಪದೇಶವನ್ನೂ ನಾನು ಒಪ್ಪಲಾರೆ. ಎಂಬತ್ತು ದಾಟಿದ ನಮ್ಮ ಅತ್ತೆಯವರ ದೇಹಕ್ಕೆ ಬೆವರುವ ಶಕ್ತಿಯೂ ಕಡಿಮೆ, ಬಾಯಾರಿಕೆ ತಿಳಿಯುವುದೂ ಕಡಿಮೆ. ಅಂಥವರ ಪಾಲಿಗೆ ಬಿಸಿಲಿನ ಝಳ ಪ್ರಾಣಾಪಾಯ. ಗಟ್ಟಿಮುಟ್ಟಾದವರು ಅವರ ಪರವಾಗಿ ವೈರಾಗ್ಯ ತಾಳುವುದು ಸಲ್ಲದು.

ಹಾಗಾದರೆ ಮಾಡುವುದೇನು? ಮೊದಲು ಯಂತ್ರದ ಹೊರೆ ಇಳಿಸಬೇಕು. ಕಿಟಕಿಗೆ ಒಳಗೆ ಪರದೆ ಎಳೆಯುವುದಕ್ಕಿಂತ ಹೊರಗೆ ಬಿದಿರಿನ ತಟ್ಟಿ ಇಳಿಬಿಡುವುದು ಮೇಲು. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ತಡೆಯುತ್ತದೆ. ಮಾಳಿಗೆಗೆ ಸುಣ್ಣ ಬಳಿದು, ಯಂತ್ರದ ಜಾಲರಿಯ ಧೂಳು ತೊಳೆದು, ಒಲೆಯ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿದೆವು. ಕೊನೆಗೆ ಪಡಸಾಲೆಯ ನಡುವೆ ದಪ್ಪ ಪರದೆ ಕಟ್ಟಿದೆವು. ಅರ್ಧ ಪಡಸಾಲೆ ನಿಜವಾಗಿ ತಂಪಾಯಿತು.

ಕಷ್ಟದ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ: ಆ ಅರ್ಧದಲ್ಲಿ ಯಾರು? ಅತ್ತೆಯವರು ಮತ್ತು ಮಗನ ಕೂಸು ಎಂಬುದರಲ್ಲಿ ವಾದವಿಲ್ಲ. ಆಮೇಲೆ? ವಿದ್ಯುತ್ತಿನ ಬಿಲ್ಲು ಕಟ್ಟುವವರು ಎಂಬುದು ಲೋಕರೂಢಿ. ನಮ್ಮ ಯಜಮಾನರೂ ಮಗನೂ ಆ ರೂಢಿಯಂತೆ ಪತ್ರಿಕೆ ಹಿಡಿದು ಒಳಗೆ ಕೂಡುವವರು. ಒಲೆಯ ಮುಂದೆ ಬೆಂದು ಬಂದವರಿಗೆ ಅವರಿಗಿಂತ ಮೊದಲ ಹಕ್ಕಿದೆ ಎನ್ನುತ್ತೇನೆ. ಬೆಂದು ಬರುವವಳು ನಾನೇ ಆದ್ದರಿಂದ ಇದನ್ನು ಪಕ್ಷಪಾತವೆಂದು ತಳ್ಳಿಹಾಕಬಹುದು. ಆದರೆ ಈ ನಿಯಮ ನನ್ನಲ್ಲಿಗೇ ನಿಲ್ಲುವುದಿಲ್ಲ. ಉರಿಬಿಸಿಲಿನಲ್ಲಿ ನಡೆದು ಬಂದು ಹಿತ್ತಿಲಲ್ಲಿ ಮುಸುರೆ ತಿಕ್ಕುವ ಹೆಣ್ಣುಮಗಳು ನನಗಿಂತ ಹೆಚ್ಚು ಬೆಂದಿರುತ್ತಾಳೆ. ನಾನು ಹೇಳಿದ್ದು ನ್ಯಾಯವಾದರೆ ಪರದೆಯ ಒಳಗೆ ಅವಳಿಗೂ ಒಂದು ಚಾಪೆ ಹಾಸಬೇಕು. ಇಲ್ಲವಾದರೆ ಅದು ನನ್ನ ಸ್ವಾರ್ಥವೇ ಸರಿ. ಚಾಪೆ ಹಾಸಿದ್ದೇನೆ. ಕೆಲಸ ಮುಗಿಸಿ ಮಜ್ಜಿಗೆ ಕುಡಿದು ಅವಳು ಅರ್ಧ ಗಂಟೆ ಅಲ್ಲಿ ಕೂಡುತ್ತಾಳೆ. ಮೊದಲ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಈಗ ಮಾತಾಡುತ್ತಾರೆ.

ದೊಡ್ಡ ಯಂತ್ರ ತಂದರೆ ಈ ತಂಟೆಯೇ ಇಲ್ಲವಲ್ಲ, ಎಂದು ಕೇಳುವವರಿದ್ದಾರೆ. ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ ಎಂಬುದನ್ನು ಅವರು ಮರೆಯಬಾರದು. ಅದು ಒಳಗಿನ ಶಾಖವನ್ನು ಹೊತ್ತು, ತಾನು ಉಂಡ ವಿದ್ಯುತ್ತಿನ ಶಾಖವನ್ನೂ ಸೇರಿಸಿ, ಹೊರಗೆ ಸುರಿಯುತ್ತದೆ. ನಮ್ಮ ಮನೆಯದು ಸುರಿಯುವುದು ಪಕ್ಕದ ಓಣಿಗೆ. ಅಲ್ಲಿ ಇಸ್ತ್ರಿಯವನ ಗಾಡಿ ನಿಲ್ಲುತ್ತದೆ. ಯಂತ್ರ ದೊಡ್ಡದಾದರೆ ನಮ್ಮೊಳಗಿನ ಜಗಳ ನಿಲ್ಲಬಹುದು. ಪ್ರಶ್ನೆ ಮಾತ್ರ ಹೊಸ್ತಿಲು ದಾಟಿ ಓಣಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಅದನ್ನು ಕೇಳುವವರಿಲ್ಲ.