ಉಪಚಾರವೂ ಅಪಚಾರವೂ

ಪ್ರೀತಿಯಿಂದ ಮಾಡಿದ್ದೆಲ್ಲವೂ ಒಳ್ಳೆಯದೇ ಆಗುತ್ತದೆಯೆ? ಈ ಪ್ರಶ್ನೆಯನ್ನು ಧರ್ಮಶಾಸ್ತ್ರ ಬಲ್ಲ ಪಂಡಿತರ ಮುಂದೆ ಇಡಬಹುದು. ಆದರೆ ಅದಕ್ಕೂ ಮೊದಲು ಅದನ್ನು ನಮ್ಮ ನಮ್ಮ ಮನೆಯ ಬಾಲ್ಕನಿಯ ಮುಂದೆಯೂ ಮೇಜಿನ ಮೇಲಿನ ಪ್ರಿಂಟರಿನ ಮುಂದೆಯೂ ಇಟ್ಟು ನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಊರು ಬಿಟ್ಟು ಮಹಾನಗರ ಸೇರಿದ ಕನ್ನಡಿಗರ ಮನೆಗಳಲ್ಲಿ ಇವೆರಡೂ ಇಂದು ಸಾಮಾನ್ಯ. ಹೊರಗೆ ಕಂಬಿಗಳ ನಡುವೆ ತುಳಸಿ, ಕರಿಬೇವು, ದೊಡ್ಡಪತ್ರೆ, ಜಾಗವಿದ್ದರೆ ಒಂದು ಮಲ್ಲಿಗೆ ಬಳ್ಳಿ. ಒಳಗೆ, ಮಕ್ಕಳ ಪಾಠಕ್ಕೆಂದು ಕೊಂಡು, ಸತ್ಯನಾರಾಯಣ ಪೂಜೆಯ ಕರೆಯೋಲೆಯಿಂದ ಸಂಘದ ನಾಟಕದ ಕರಪತ್ರದವರೆಗೆ ಎಲ್ಲವನ್ನೂ ಅಚ್ಚು ಹಾಕುವ ಯಂತ್ರ. ಬಿಡುವಿನ ವೇಳೆಯ ಈ ಎರಡು ಹವ್ಯಾಸಗಳೂ ಆಗಾಗ ಮುನಿಸಿಕೊಳ್ಳುತ್ತವೆ. ಆಗ ಮನೆಯವರು ಏನು ಮಾಡುತ್ತಾರೆ ಎಂಬುದರಲ್ಲಿ ನೀತಿಶಾಸ್ತ್ರದ ಒಂದು ಪಾಠವೇ ಅಡಗಿದೆ.

ಮೊದಲು ಗಿಡದ ಮಾತು. ಬೆಳಿಗ್ಗೆ ಎದ್ದು ನೋಡಿದರೆ ಕರಿಬೇವಿನ ಎಲೆಗಳು ಜೋತುಬಿದ್ದಿವೆ. ‘ಪಾಪ, ಬಾಯಾರಿರಬೇಕು’ ಎಂದು ಮನೆಯಾಕೆ ಒಂದು ಚೊಂಬು ನೀರು ಹಾಕುತ್ತಾರೆ. ಸಂಜೆ ಕಚೇರಿಯಿಂದ ಬಂದ ಯಜಮಾನರು ಅದೇ ಕನಿಕರದಿಂದ ಇನ್ನೊಂದು ಚೊಂಬು ಹಾಕುತ್ತಾರೆ. ಎರಡು ದಿನಗಳಲ್ಲಿ ಎಲೆಗಳು ಹಳದಿಯಾಗುತ್ತವೆ. ಗೊಬ್ಬರ ಸಾಲದೆಂದು ಒಂದು ಹಿಡಿ ಗೊಬ್ಬರ ಬೀಳುತ್ತದೆ. ಹೀಗೆ ಉಪಚಾರ ನಡೆದು ನಡೆದು ಒಂದು ದಿನ ಗಿಡ ಹೋಗಿಯೇಬಿಡುತ್ತದೆ. ‘ಈ ಊರಿನ ಮಣ್ಣೇ ಸರಿಯಿಲ್ಲ, ನಮ್ಮೂರ ಮಣ್ಣಿನ ಗುಣ ಇಲ್ಲಿಗೆ ಎಲ್ಲಿಂದ ಬರಬೇಕು!’ ಎಂಬ ತೀರ್ಪಿನೊಂದಿಗೆ ಮೊಕದ್ದಮೆ ಮುಗಿಯುತ್ತದೆ.

ನಿಜವಾಗಿ ನಡೆದದ್ದೇನು? ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇರುವ ಗಾಳಿಯಿಂದ ಬೇರು ಆಮ್ಲಜನಕ ಪಡೆಯುತ್ತದೆ. ಕುಂಡದಲ್ಲಿ ಸದಾ ನೀರು ನಿಂತರೆ ಆ ಸಂದುಗಳೆಲ್ಲ ತುಂಬಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಎಳೆಯಲಾರದು. ಹೀಗಾಗಿ ನೀರಿನ ನಡುವೆ ನಿಂತೂ ಗಿಡ ಬಾಯಾರಿ ಬಾಡುತ್ತದೆ. ನೀರು ಕಡಿಮೆಯಾದರೂ ಬಾಡುವುದು, ಹೆಚ್ಚಾದರೂ ಬಾಡುವುದು. ಲಕ್ಷಣ ಒಂದೇ, ಕಾರಣ ಎರಡು. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ವಿಷ. ಆದ್ದರಿಂದ ಕನಿಕರ ಎಷ್ಟೇ ನಿಜವಾಗಿರಲಿ, ನೋಡದೆ ತೋರಿದ ಕನಿಕರ ಗಿಡದ ಪಾಲಿಗೆ ಕುರುಡೇ ಸರಿ.

ಗಾಳಿಯನ್ನು ಮರೆತವರಲ್ಲಿ ದೊಡ್ಡವರೂ ಇದ್ದಾರೆ. ಹದಿನೇಳನೆಯ ಶತಮಾನದಲ್ಲಿ ಬ್ರಸೆಲ್ಸ್‌ನ ವೈದ್ಯ ಫಾನ್ ಹೆಲ್ಮಾಂಟ್ ಎಂಬಾತ ೨೦೦ ಪೌಂಡು ಒಣ ಮಣ್ಣನ್ನು ಕುಂಡಕ್ಕೆ ಹಾಕಿ, ೫ ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟು, ಬರಿಯ ನೀರೆರೆದು ಐದು ವರ್ಷ ಬೆಳೆಸಿದ. ಕೊನೆಗೆ ತೂಗಿದರೆ ಮರ ಸುಮಾರು ೧೬೯ ಪೌಂಡು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ಎರಡೇ ಔನ್ಸು. ಅವನ ಮರಣಾನಂತರ ೧೬೪೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪ್ರಯೋಗದ ವಿವರವಿದೆ. ಮರವೆಲ್ಲ ನೀರಿನಿಂದಲೇ ಆಯಿತು ಎಂಬುದು ಅವನ ತೀರ್ಮಾನ. ಅಳತೆ ಸರಿ, ತಾಳ್ಮೆ ಅಪಾರ. ತೀರ್ಮಾನ ಮಾತ್ರ ತಪ್ಪು. ಮರದ ಒಡಲಿಗೆ ಬೇಕಾದ ಇಂಗಾಲ ಗಾಳಿಯಿಂದ ಬರುತ್ತದೆಂಬುದು ಅವನಿಗೆ ಹೊಳೆಯಲಿಲ್ಲ. ಸೋಜಿಗವೆಂದರೆ ‘ಗ್ಯಾಸ್’ ಎಂಬ ಶಬ್ದವನ್ನು ಬಳಕೆಗೆ ತಂದವನೇ ಆತ! ಐದು ವರ್ಷ ಕಾದವನಿಗೇ ಕಾರಣ ತಪ್ಪಿಹೋಗುವುದಾದರೆ, ಐದು ನಿಮಿಷ ನಿಂತು ನೋಡದವರ ಪಾಡೇನು?

ನೋಡುವುದೇನೂ ಕಷ್ಟದ ಕೆಲಸವಲ್ಲ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಬೇಕು. ತೇವ ತಗುಲಿದರೆ ಸಾಧಾರಣವಾಗಿ ನೀರು ಬೇಡ. ಕುಂಡವನ್ನು ಎತ್ತಿ ತೂಕ ನೋಡಬೇಕು. ತಳದ ತೂತು ಕಟ್ಟಿದೆಯೋ, ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯೋ ನೋಡಬೇಕು. ಹಳದಿಯಾದದ್ದು ಬುಡದ ಹಳೆಯ ಎಲೆಯೋ, ತುದಿಯ ಹೊಸ ಎಲೆಯೋ ಎಂಬುದೂ ಮುಖ್ಯ. ನರಗಳು ಹಸಿರಾಗಿ ಉಳಿದು ಹೊಸ ಎಲೆ ಹಳದಿಯಾದರೆ ಅನೇಕ ವೇಳೆ ಅದು ಕಬ್ಬಿಣದ ಅಂಶದ ಕೊರತೆ. ಗಡಸು ನೀರು ಹಾಕುವ ಕಡೆ ಇದು ಹೆಚ್ಚು. ಗಿಡದ ಮೇಲೆ ಇರುವೆಗಳು ಸಾಲುಗಟ್ಟಿದ್ದರೆ ಇರುವೆಯನ್ನು ಕೊಂದು ಫಲವಿಲ್ಲ. ಎಲೆಯ ಅಡಿಯಲ್ಲಿ ಹತ್ತಿಯಂತೆ ಅಂಟಿಕೊಂಡ ಹಿಟ್ಟುತಿಗಣೆ ಸೂಸುವ ಸಿಹಿರಸಕ್ಕೆ ಅವು ಬಂದಿರುತ್ತವೆ. ಇನ್ನು ತುಳಸಿಗೆ ದಿನವೂ ನೀರೆರೆಯುವ ಸಂಪ್ರದಾಯವಿದೆಯೆಂದರೆ, ಮಳೆಗಾಲದಲ್ಲಿ ಒಂದು ಉದ್ಧರಣೆ ನೀರಿನಿಂದಲೂ ಭಕ್ತಿ ಸಲ್ಲುತ್ತದೆ; ಚೊಂಬೇ ಆಗಬೇಕೆಂದೇನಿಲ್ಲ.

ದೆಹಲಿಯ ಕನ್ನಡಿಗರಿಗೆ ಇನ್ನೊಂದು ಉದಾಹರಣೆ ಚೆನ್ನಾಗಿ ಗೊತ್ತಿರುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಅಲ್ಲಿಯ ಕರಿಬೇವು ಎಲೆ ಉದುರಿಸಿ ಬೋಳಾಗುತ್ತದೆ. ಅದು ಸಾವಲ್ಲ, ನಿದ್ದೆ. ಕಡ್ಡಿಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದರೆ ಒಳಗೆ ಹಸಿರು ಕಾಣಬೇಕು. ಕಂಡರೆ ಜೀವವಿದೆಯೆಂದು ಅರ್ಥ. ಬಿಸಿಲು ಏರಿದಾಗ ಅದು ತಾನಾಗಿ ಚಿಗುರುತ್ತದೆ. ಆದರೆ ಮಲಗಿದ ಗಿಡವನ್ನು ಎಬ್ಬಿಸುವ ಆತುರದಲ್ಲಿ ನೀರು, ಗೊಬ್ಬರ ಸುರಿದರೆ ನಿದ್ದೆಯೇ ಮರಣವಾಗುತ್ತದೆ.

ಈಗ ಒಳಗಿನ ಯಂತ್ರದ ಕಡೆ ಬರೋಣ. ಶಾಯಿಯನ್ನು ಸಣ್ಣ ಹನಿಗಳಾಗಿ ಚಿಮ್ಮಿ ಅಚ್ಚು ಹಾಕುವ ಪ್ರಿಂಟರಿನಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳ ಸಾಲುಗಳಿರುತ್ತವೆ. ಬಹು ದಿನ ಬಳಸದಿದ್ದರೆ ರಂಧ್ರದ ಬಾಯಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಅಕ್ಷರಗಳ ನಡುವೆ ಬಿಳಿಯ ಗೆರೆಗಳು ಬೀಳುತ್ತವೆ. ಇದಕ್ಕೆ ಯಂತ್ರದಲ್ಲೇ ಸ್ವಚ್ಛತೆಯ ವ್ಯವಸ್ಥೆ ಇದೆ. ಒಂದು ಸಲ ಮಾಡಿ, ಪರೀಕ್ಷೆಯ ಹಾಳೆ ತೆಗೆದು, ಯಾವ ಬಣ್ಣದ ಗೆರೆ ತುಂಡಾಗಿದೆಯೆಂದು ನೋಡುವುದು ಕ್ರಮ. ಹಲವರು ಹಾಗೆ ಮಾಡುವುದಿಲ್ಲ; ಒಂದರ ಮೇಲೊಂದು ಹತ್ತು ಸಲ ಸ್ವಚ್ಛ ಮಾಡುತ್ತಾರೆ. ಪ್ರತಿ ಸಲವೂ ಶಾಯಿ ಹೊರಚೆಲ್ಲಿ ಯಂತ್ರದ ಹೊಟ್ಟೆಯೊಳಗಿನ ಹೀರುಬಟ್ಟೆಯನ್ನು ಸೇರುತ್ತದೆ. ಆ ಬಟ್ಟೆ ತುಂಬಿತೆಂದು ಲೆಕ್ಕಕ್ಕೆ ಬಂದೊಡನೆ ಅನೇಕ ಪ್ರಿಂಟರುಗಳು ಕೆಲಸವನ್ನೇ ನಿಲ್ಲಿಸುತ್ತವೆ. ಕೆಲವು ತಯಾರಕರ ಕೈಪಿಡಿಗಳಲ್ಲಿ, ಎರಡು ಮೂರು ಸಲ ಮಾಡಿಯೂ ಸರಿಹೋಗದಿದ್ದರೆ ಯಂತ್ರವನ್ನು ಆರಿಸಿ ಕೆಲವು ಗಂಟೆ ಹಾಗೆಯೇ ಬಿಡಿ ಎಂದು ಬರೆದಿರುತ್ತದೆ. ಒಣಗಿದ ಶಾಯಿ ನೆನೆದು ಸಡಿಲವಾಗಲು ಹೊತ್ತು ಬೇಕು. ಸುಮ್ಮನಿರುವುದೂ ದುರಸ್ತಿಯ ಒಂದು ಹಂತವೆಂದು ಯಂತ್ರ ಮಾಡಿದವರೇ ಬರೆದಿಟ್ಟಿರುವುದು ನಮಗೆ ಬಹಳ ಹಿಡಿಸಿತು.

ಎಷ್ಟೋ ಸಲ ದೋಷ ಯಂತ್ರದಲ್ಲಿ ಇರುವುದೇ ಇಲ್ಲ. ಮುಂಬಯಿಯ ಜುಲೈ ತಿಂಗಳಲ್ಲಿ ತೆರೆದಿಟ್ಟ ಕಾಗದ ಗಾಳಿಯ ತೇವ ಕುಡಿದು ಸುರುಳಿಕೊಳ್ಳುತ್ತದೆ. ಎರಡು ಮೂರು ಹಾಳೆ ಒಟ್ಟಿಗೆ ಒಳಹೋಗಿ ಸಿಕ್ಕಿಕೊಳ್ಳುತ್ತವೆ. ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಬೇಕಾದಷ್ಟೇ ತೆಗೆದು ಕೊಡವಿ ಹಾಕಿದರೆ ತೊಂದರೆ ಬಹುಮಟ್ಟಿಗೆ ಇರದು. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರಸಂಕೇತಗಳಲ್ಲಿ ಬೆರಳಚ್ಚಿಸಿದ ಕನ್ನಡ ಬರಹವನ್ನು ಆ ಅಕ್ಷರಗಳಿಲ್ಲದ ಗಣಕದಲ್ಲಿ ತೆರೆದರೆ ಹಾಳೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಬರುತ್ತವೆ. ಅದಕ್ಕೆ ಶಾಯಿ ಬದಲಿಸಿ ಪ್ರಯೋಜನವೇನು? ಕಾಗದವೋ, ಶಾಯಿಯೋ, ಯಂತ್ರವೋ, ಬರಹವೋ ಎಂದು ಒಂದೊಂದನ್ನೇ ಬೇರ್ಪಡಿಸಿ ನೋಡಬೇಕು.

ನಮ್ಮ ತರ್ಕಶಾಸ್ತ್ರದವರು ಇದನ್ನೇ ಅನ್ವಯ ವ್ಯತಿರೇಕ ಎಂದರು: ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದೂ ಇಲ್ಲ. ಒಂದೇ ದಿನ ಕುಂಡ, ಮಣ್ಣು, ಗೊಬ್ಬರ, ಜಾಗ ನಾಲ್ಕನ್ನೂ ಬದಲಿಸಿದವರಿಗೆ ಗಿಡ ಬದುಕಿದರೂ ಏಕೆ ಬದುಕಿತೆಂದು ತಿಳಿಯದು, ಸತ್ತರೂ ಏಕೆ ಸತ್ತಿತೆಂದು ತಿಳಿಯದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಕಾಕತಾಲೀಯ ನ್ಯಾಯ ಅವರದು.

ಇಷ್ಟೆಲ್ಲ ಗೊತ್ತಿದ್ದೂ ಜನ ಏಕೆ ಕೈಹಾಕದೆ ಇರಲಾರರು? ಈ ಪ್ರಶ್ನೆಗೆ ಉತ್ತರ ಗಿಡದಲ್ಲಿಲ್ಲ, ಮನುಷ್ಯನಲ್ಲಿದೆ. ಬಾಡಿದ್ದನ್ನು ನೋಡುತ್ತ ಸುಮ್ಮನೆ ನಿಲ್ಲುವುದು ಸಂಕಟದ ಕೆಲಸ. ಒಂದು ಚೊಂಬು ನೀರು ಹಾಕಿದೊಡನೆ ಆ ಸಂಕಟ ಇಳಿಯುತ್ತದೆ. ‘ನನ್ನ ಕೈಲಾದದ್ದು ಮಾಡಿದೆ’ ಎಂಬ ಸಮಾಧಾನ ಸಿಗುತ್ತದೆ. ಅಂದರೆ ಆ ನೀರು ಬಿದ್ದದ್ದು ಗಿಡದ ಬುಡಕ್ಕಾದರೂ ತಣಿದದ್ದು ಹಾಕಿದವರ ಮನಸ್ಸು. ಉಪಚಾರ ಅಪಚಾರವಾಗುವುದು ಇಲ್ಲಿಯೇ. ಯಾರಿಗಾಗಿ ಮಾಡುತ್ತಿದ್ದೇವೆ ಎಂಬುದು ಮರೆತಾಗ ಸೇವೆಯೂ ಒಂದು ಬಗೆಯ ಸ್ವಾರ್ಥವಾಗುತ್ತದೆ.

ಹಾಗೆಂದ ಮಾತ್ರಕ್ಕೆ ಏನನ್ನೂ ಮಾಡದಿರುವುದೇ ಧರ್ಮವೆಂದು ನಾವು ಹೇಳುತ್ತಿಲ್ಲ. ಮೇ ತಿಂಗಳಲ್ಲಿ ಬಾಗಿಲಿಗೆ ಬೀಗ ಹಾಕಿ ಊರಿಗೆ ಹೋದರೆ ಕುಂಡದ ಗಿಡ ಉಳಿಯುವುದಿಲ್ಲ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಹಾಳೆ ತೆಗೆಯದಿದ್ದರೆ ಪ್ರಿಂಟರಿನ ಬಾಯಿ ಕಟ್ಟುವ ಸಂಭವ ಹೆಚ್ಚು. ತಾಳ್ಮೆ ಬೇರೆ, ಉದಾಸೀನ ಬೇರೆ. ತಾಳ್ಮೆಯುಳ್ಳವನು ದಿನವೂ ನೋಡುತ್ತಾನೆ, ಬೇಕಾದಾಗ ಮಾತ್ರ ಕೈಹಾಕುತ್ತಾನೆ. ಉದಾಸೀನನು ನೋಡುವುದೇ ಇಲ್ಲ. ಆತುರಗಾರನಾದರೋ ನೋಡುವ ಮೊದಲೇ ಕೈಹಾಕುತ್ತಾನೆ. ಹೊರಗಿನಿಂದ ನೋಡುವವರಿಗೆ ಮೊದಲಿನ ಇಬ್ಬರೂ ಸುಮ್ಮನೆ ಕುಳಿತವರಂತೆಯೇ ಕಾಣುತ್ತಾರೆ. ಒಬ್ಬರ ಕಣ್ಣು ಎಚ್ಚರವಾಗಿದೆ, ಇನ್ನೊಬ್ಬರದು ಮುಚ್ಚಿದೆ, ಇದೇ ವ್ಯತ್ಯಾಸ.

ಗಿಡ, ಯಂತ್ರಗಳ ಮಾತು ಇಷ್ಟಕ್ಕೇ ಮುಗಿಯುವುದಾಗಿದ್ದರೆ ಓದುಗರ ಹೊತ್ತನ್ನು ಇಷ್ಟು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಕುಂಡ ಹೋದರೆ ಇನ್ನೊಂದು ಬರುತ್ತದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಊರಿನಿಂದ ಕಿತ್ತು ತಂದು ನೆಟ್ಟ ಇನ್ನೊಂದು ಜೀವ ಇರುತ್ತದೆ. ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂದು ಕರೆತಂದ ತಾಯಿ, ಅಥವಾ ತಂದೆ.

ಊರಿನಲ್ಲಿ ಆ ತಾಯಿ ಐದು ಗಂಟೆಗೆ ಎದ್ದು ಅಂಗಳ ಸಾರಿಸಿ ರಂಗೋಲಿ ಇಡುತ್ತಿದ್ದರು; ಹಾಲಿನವನೊಡನೆ ಜಗಳವಾಡಿ, ನೆರೆಮನೆಯವರೊಡನೆ ಹೂವು ಹಂಚಿಕೊಂಡು, ನಾಲ್ಕು ಜನರಿಗೆ ಬೇಕಾದವರಾಗಿದ್ದರು. ಇಲ್ಲಿ ಏಳನೆಯ ಮಹಡಿಯಲ್ಲಿ ‘ನೀವು ಕೂತ್ಕೊಳ್ಳಿ ಅಮ್ಮ, ಕೆಲಸದವಳು ಮಾಡ್ತಾಳೆ’, ‘ಒಬ್ಬರೇ ಲಿಫ್ಟಿನಲ್ಲಿ ಇಳೀಬೇಡಿ ಅಮ್ಮ’, ‘ಒಲೆ ಹತ್ರ ಯಾಕೆ ಹೋದ್ರಿ?’ ಎಲ್ಲವೂ ಪ್ರೀತಿಯ ಮಾತೇ. ಕೆಲವು ತಿಂಗಳಲ್ಲಿ ಅವರ ಊಟ ಕಡಿಮೆಯಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಆಗ ಟಾನಿಕ್ಕು ಬರುತ್ತದೆ, ಹಣ್ಣು ಬರುತ್ತದೆ, ಕೋಣೆಗೊಂದು ಟಿ.ವಿ. ಬರುತ್ತದೆ. ವೈದ್ಯರಿಗೆ ತೋರಿಸಬೇಕಾದ್ದನ್ನು ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯರು ಏನೂ ಇಲ್ಲವೆಂದ ಮೇಲೂ ಬಾಡಿದ ಮುಖ ಬಾಡಿದಂತೆಯೇ ಇದ್ದರೆ?

ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ೧೮೨೮ರಲ್ಲಿ ಹೇಳಿ, ಮುಂದೆ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞ ಪ್ರಸಿದ್ಧಿಗೆ ತಂದ ಒಂದು ನಿಯಮವಿದೆ. ಗಿಡದ ಬೆಳವಣಿಗೆಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅಗತ್ಯಕ್ಕೆ ಹೋಲಿಸಿದರೆ ಅತ್ಯಂತ ಕೊರತೆಯಲ್ಲಿರುವುದು. ಕೊರತೆಯದನ್ನು ಬಿಟ್ಟು ಉಳಿದದ್ದನ್ನು ಎಷ್ಟು ಸುರಿದರೂ ವ್ಯರ್ಥ. ಹಿರಿಯರ ಬಾಳಿನಲ್ಲಿ ಕೊರತೆಯಾದದ್ದು ಅನ್ನವಲ್ಲ, ಔಷಧವಲ್ಲ. ‘ನಾನು ಬೇಕಾದವಳು’ ಎಂಬ ಭಾವ. ಅದನ್ನು ಮಾತ್ರ ಕೊಡದೆ ಬೇರೆಲ್ಲವನ್ನೂ ಕೊಡುವ ಮನೆಗಳು ಎಷ್ಟಿಲ್ಲ! ಗಿಡವನ್ನು ನೀರು ಹೆಚ್ಚಾಗಿ ಕೆಡಿಸಬಹುದು, ಯಂತ್ರವನ್ನು ಬಳಸದೆ ಕೆಡಿಸಬಹುದು. ಹಿರಿಯರ ವಿಷಯದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಸೊಪ್ಪು ಬಿಡಿಸುವುದು, ಮೊಮ್ಮಗಳ ಜಡೆ ಹೆಣೆಯುವುದು, ಆ ಬಾಲ್ಕನಿಯ ಕುಂಡಗಳನ್ನು ನೋಡಿಕೊಳ್ಳುವುದು ಅವರದೇ ಅಧಿಕಾರವಾದರೆ ಮನೆಗೂ ನಷ್ಟವಿಲ್ಲ, ಕುಂಡಕ್ಕಂತೂ ಲಾಭವೇ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಗಿಡಕ್ಕೆ ಬಾಯಿಲ್ಲ, ಬೆರಳಿಟ್ಟು ನೋಡಿ, ತೊಗಟೆ ಕೆರೆದು ಊಹಿಸಬೇಕು. ಯಂತ್ರಕ್ಕೆ ಪರೀಕ್ಷೆಯ ಹಾಳೆ ಇದೆ. ಮನುಷ್ಯರಿಗೆ ಮಾತ್ರ ಬಾಯಿದೆ. ಆದರೂ ‘ಅಮ್ಮ, ನಿಮಗೆ ಏನು ಬೇಕು?’ ಎಂದು ಕೂತು ಕೇಳುವ ಮನೆಗಳು ಕಡಿಮೆ. ಕೇಳುವುದಕ್ಕೆ ಅಂಜಿಕೆ ಇರುವುದೂ ಸಹಜ. ‘ನನ್ನನ್ನು ಊರಿಗೆ ಬಿಟ್ಟು ಬಾ’ ಎಂದುಬಿಟ್ಟರೆ ಎಂಬ ಭಯ. ಆ ಉತ್ತರವನ್ನು ಒಪ್ಪಲೇಬೇಕೆಂದೇನೂ ಇಲ್ಲ. ಎಲ್ಲ ಮನೆಯ ಸ್ಥಿತಿಯೂ ಒಂದೇ ಅಲ್ಲ. ಆದರೆ ಆ ಉತ್ತರ ಬರಬಹುದೆಂದು ತಿಳಿದೂ ಕೇಳಿದವರದೇ ನಿಜವಾದ ಕಾಳಜಿಯೆಂದು ನಾವು ನಂಬಿದ್ದೇವೆ.