ಪರಿಶೋಧಿಸಿ ನಂಬುವದು

(ಆಧಾರ: ಅಪೊಸ್ತಲರ ಕೃತ್ಯಗಳು ೧೭ನೆಯ ಅಧ್ಯಾಯ, ೧೧ನೆಯ ವಚನ)



ಅಪೊಸ್ತಲನಾದ ಪೌಲನು ಬೆರೋಯ ಎಂಬ ಊರಿಗೆ ಬಂದು ಸುವಾರ್ತೆಯನ್ನು ಸಾರಿದಾಗ ಆ ಊರಿನವರು ಬಹು ಆಶೆಯಿಂದ ಕೇಳಿದರು. ಆದರೂ ಕೇಳಿದ ಮಾತ್ರಕ್ಕೆ ಸುಮ್ಮನಾಗಲಿಲ್ಲ. ಹೇಳಿದವನು ಅಪೊಸ್ತಲನೇ ಆಗಿದ್ದರೂ, ಅವನ ಮಾತು ನಿಜವೋ ಅಲ್ಲವೋ ಎಂದು ದಿನದಿನವೂ ಶಾಸ್ತ್ರವನ್ನು ತೆರೆದು ನೋಡಿದರು. ಲೂಕನು ಇದನ್ನು ತಪ್ಪೆಂದು ಎಣಿಸದೆ ಅವರನ್ನು ಹೊಗಳಿಯೇ ಬರೆದಿದ್ದಾನೆ.

ನಮ್ಮ ಮನೆಗಳಲ್ಲಿ ಹೀಗೆ ನಡೆಯುತ್ತದೋ? ಶಾಲೆಯಿಂದ ಬಂದ ಮಗನು, “ಅಪ್ಪಾ, ನೆರೆಮನೆಯವರೂ ಭಕ್ತಿಯಿಂದ ದೇವರನ್ನು ಬೇಡುತ್ತಾರಲ್ಲಾ, ನಮ್ಮ ಮಾರ್ಗವೇ ಸತ್ಯವೆಂದು ನಮಗೆ ಹೇಗೆ ಗೊತ್ತು?” ಎಂದು ಕೇಳಿದರೆ, “ಬಾಯಿ ಮುಚ್ಚು” ಎಂದು ಗದರಿಸುತ್ತೇವೆ. ಸಂತೆಯಲ್ಲಿ ಮಡಕೆ ಕೊಳ್ಳುವ ತಾಯಿಯು ಬೆರಳಿನಿಂದ ತಟ್ಟಿ ನೋಡದೆ ಕಾಸು ಕೊಡುವದಿಲ್ಲ. ಎತ್ತು ಕೊಳ್ಳುವ ರೈತನು ಹಲ್ಲು ನೋಡದೆ ಹಗ್ಗ ಹಿಡಿಯುವದಿಲ್ಲ. ಒಡೆದುಹೋಗುವ ಮಡಕೆಗೆ ಇಷ್ಟು ಜಾಗ್ರತೆಯಾದರೆ ಆತ್ಮದ ಸಂಗತಿಗೆ ಎಷ್ಟು ಬೇಕು!

ಈ ವಿಷಯದಲ್ಲಿ ಪಂಡಿತಾ ರಮಾಬಾಯಿಯವರ ಚರಿತ್ರೆಯು ನಮಗೆ ಪಾಠವಾಗಿದೆ. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಅನಂತಶಾಸ್ತ್ರಿ ಡೋಂಗರೆಯವರಿಗೆ ೧೮೫೮ರಲ್ಲಿ ಹುಟ್ಟಿದ ಮಗಳು ಈಕೆ. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂದು ಜನರು ಎದುರು ನಿಂತರೂ ಆ ತಂದೆಯು ಹೆಂಡತಿಗೆ ಕಲಿಸಿದನು; ತಾಯಿಯು ಮಗಳಿಗೆ ಕಲಿಸಿದಳು. ಆ ಕುಟುಂಬದವರು ಪುಣ್ಯಕ್ಷೇತ್ರದಿಂದ ಪುಣ್ಯಕ್ಷೇತ್ರಕ್ಕೆ ನಡೆದು ಪುರಾಣ ಓದುತ್ತಾ, ಇದ್ದದ್ದನ್ನು ದಾನಮಾಡುತ್ತಾ ದೇವರನ್ನು ಹುಡುಕಿದರು. ಬರಗಾಲ ಬಂದಿತು. ೧೮೭೪ರಲ್ಲಿ ತಂದೆತಾಯಿಗಳು ತೀರಿಕೊಂಡರು, ಅನಂತರ ಅಕ್ಕನೂ ತೀರಿಕೊಂಡಳು. ಸಾಯುವಾಗ ತಂದೆಯು ಮಗಳನ್ನು ದೇವರ ಕೈಗೆ ಒಪ್ಪಿಸಿ, ಜೀವಮಾನವೆಲ್ಲಾ ಆತನನ್ನೇ ಸೇವಿಸೆಂದು ಹೇಳಿದನು.

ಅಣ್ಣನೊಡನೆ ಕಾಲುನಡಿಗೆಯಿಂದ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲ್ಕತ್ತೆಗೆ ಬಂದಾಗ ಪಂಡಿತರು ಆಕೆಗೆ ಸರಸ್ವತಿ ಎಂಬ ಬಿರುದು ಕೊಟ್ಟರು. ಬಿರುದಿನಿಂದ ಮನಸ್ಸಿಗೆ ಶಾಂತಿಯಾಗಲಿಲ್ಲ. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಕೊಟ್ಟ ವೇದವನ್ನು ಓದಿದರು. ಧರ್ಮಶಾಸ್ತ್ರಗಳನ್ನು ಹೋಲಿಸಿ ನೋಡಿದರು. ಲೂಕನ ಸುವಾರ್ತೆಯನ್ನೂ ಓದಿದರು. ಅಣ್ಣನನ್ನೂ, ಮದುವೆಯಾದ ಎರಡು ವರುಷದೊಳಗೆ ಗಂಡನನ್ನೂ ಕಳೆದುಕೊಂಡು, ೧೮೮೩ರಲ್ಲಿ ಕೈಗೂಸಿನೊಡನೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಲೋಕವು ತಳ್ಳಿಬಿಟ್ಟ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಸಾಕುವದನ್ನು ಕಂಡು, ಇದು ಎಲ್ಲಿಂದ ಬಂತೆಂದು ವಿಚಾರಿಸಿದರು. ಬಾವಿಯ ಬಳಿಯಲ್ಲಿ ಯೇಸುಸ್ವಾಮಿಯು ಸಮಾರ್ಯದ ಸ್ತ್ರೀಯೊಡನೆ ಆಡಿದ ಮಾತುಗಳನ್ನು ಅವರು ತೋರಿಸಿದರು. ಅದೇ ವರುಷದಲ್ಲಿ ರಮಾಬಾಯಿಯವರು ದೀಕ್ಷಾಸ್ನಾನ ಹೊಂದಿದರು.

ಆಕೆಯ ಶೋಧನೆಯು ಅಲ್ಲಿಗೆ ಮುಗಿಯಲಿಲ್ಲ. ತನ್ನನ್ನು ನಡಿಸಿದ ಗುರುಗಳೊಡನೆಯೂ ಆಕೆ ವಾದಿಸಿದರು. ಮನಸ್ಸಾಕ್ಷಿಯನ್ನು ಅವರ ಕೈಗೆ ಒಪ್ಪಿಸಲಿಲ್ಲ. ವರುಷಗಳಾದ ಮೇಲೆ, ತನಗೆ ಕ್ರಿಸ್ತಮತವು ದೊರೆತಿತ್ತೇ ಹೊರತು ಕ್ರಿಸ್ತನೇ ದೊರೆತಿರಲಿಲ್ಲವೆಂದು ತಿಳಿದು, ಆತನನ್ನೇ ಹುಡುಕಿ ಕಂಡುಕೊಂಡರು. ಕೇಡಗಾಂವಿನ ಮುಕ್ತಿಸದನದಲ್ಲಿ ಬರಗಾಲದ ಅನಾಥ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಸಾಕಿದರು. ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ತಿರುಗಿಸಿ, ೧೯೨೨ರಲ್ಲಿ ನಿದ್ರೆಹೋದರು.

ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯೋಣ.

ಮೊದಲನೆಯದು, ಕೇಳುವವರ ಬಾಯಿ ಮುಚ್ಚಿಸಬೇಡಿರಿ. ಸತ್ಯವು ಬೆಳಕಿಗೆ ಅಂಜುವದಿಲ್ಲ. ನಿಕೊದೇಮನು ರಾತ್ರಿಯಲ್ಲಿ ಬಂದು ಪ್ರಶ್ನೆ ಕೇಳಿದಾಗ ಕರ್ತನು ಅವನನ್ನು ಹೊರಗೆ ಹಾಕಲಿಲ್ಲ. ಇಂದು ನೀವು ಗದರಿಸಿದ ಮಗನು ನಾಳೆಯೂ ಆಲಯಕ್ಕೆ ಬಂದು ನಿಮ್ಮ ಪಕ್ಕದಲ್ಲಿ ಕೂತಾನು. ಅವನ ಮನಸ್ಸು ಮಾತ್ರ ಬಾಗಲಿನ ಹೊರಗೆ ನಿಂತಿರುವದು. ಉತ್ತರ ತಿಳಿಯದಿದ್ದರೆ, “ಮಗನೇ, ಕೂಡಿ ಓದಿ ನೋಡೋಣ” ಎಂದು ಹೇಳಿರಿ.

ಎರಡನೆಯದು, ಬೇರೆ ಮಾರ್ಗದಲ್ಲಿ ದೇವರನ್ನು ಹುಡುಕುವವರನ್ನು ಹೀನೈಸಬೇಡಿರಿ. ಹಸಿವಿನಲ್ಲಿಯೂ ದೇವರ ಹೆಸರನ್ನು ಬಿಡದ ಅನಂತಶಾಸ್ತ್ರಿಯನ್ನು ನೋಡಿ ನಗುವ ಯೋಗ್ಯತೆ ನಮ್ಮಲ್ಲಿ ಯಾರಿಗಿದೆ? ಆ ತಂದೆಯ ಹಂಬಲವಲ್ಲವೇ ಮಗಳನ್ನು ಎಬ್ಬಿಸಿ ನಡಿಸಿದ್ದು? ನಿಮ್ಮ ನಂಬಿಕೆಗೆ ಕಾರಣವೇನೆಂದು ನೆರೆಯವನು ಕೇಳಿದರೆ ಶಾಂತವಾಗಿ ಹೇಳಿರಿ; ಅವನ ಮಾತನ್ನೂ ತಾಳ್ಮೆಯಿಂದ ಕೇಳಿರಿ.

ಮೂರನೆಯದು, ತಂದೆಯ ನಂಬಿಕೆಯಿಂದ ಮಗನು ಬದುಕಲಾರನು. ಅಪ್ಪನು ಹೊಲವನ್ನು ಬಿಟ್ಟುಹೋಗಬಹುದು. ಮಗನು ಉಳದಿದ್ದರೆ ಅದರಲ್ಲಿ ಕಳೆಯೇ ಬೆಳೆಯುವದು. “ನಿಮ್ಮ ಅಜ್ಜನು ಹಿಡಿ ಅಕ್ಕಿಗಾಗಿ ಮತ ಬಿಟ್ಟನು” ಎಂದು ಯಾರಾದರೂ ಹಂಗಿಸಿದಾಗ ನಾವು ಏನು ಹೇಳುವೆವು? ಅಜ್ಜನ ಕಾಲದ ಕಥೆಯನ್ನು ಹೇಳಿದರೆ ಸಾಲದು. “ನಾನೇ ಓದಿದೆನು, ನಾನೇ ಬೇಡಿದೆನು, ಆತನನ್ನು ಕಂಡುಕೊಂಡೆನು” ಎಂದು ಹೇಳಬಲ್ಲವನ ಮುಂದೆ ಆ ಹಂಗು ನಿಲ್ಲದು. ಸಮಾರ್ಯದ ಊರಿನವರು ಮೊದಲು ಆ ಸ್ತ್ರೀಯ ಮಾತನ್ನು ಕೇಳಿ ನಂಬಿದರು. ಆಮೇಲೆ ತಾವೇ ಕರ್ತನ ಬಾಯಿಂದ ಕೇಳಿ ದೃಢವಾದರು.

ಆದಕಾರಣ, ಪ್ರಿಯರೇ, ಈ ತಿಂಗಳಲ್ಲಿ ಪ್ರತಿ ರಾತ್ರಿ ಮನೆಯವರೆಲ್ಲರೂ ಕೂಡಿ ಯೋಹಾನನ ಸುವಾರ್ತೆಯ ಸ್ವಲ್ಪ ಭಾಗವನ್ನು ಓದಿರಿ. ಓದಬಲ್ಲವರು ಓದಲಿ, ಓದಲಾರದವರು ಕೇಳಲಿ, ಚಿಕ್ಕವರು ಭಯವಿಲ್ಲದೆ ಪ್ರಶ್ನೆ ಮಾಡಲಿ. ಹುಡುಕುವವರನ್ನು ಕೈಬಿಡದ ಕರ್ತನು ನಮ್ಮೆಲ್ಲರನ್ನೂ ಪೂರ್ಣ ಸತ್ಯಕ್ಕೆ ನಡಿಸಲಿ. ಆಮೆನ್.