ಪೆಟ್ಟಿಗೆಯೂ ಪ್ರವಾಹವೂ



ಕೂಡಿಟ್ಟ ವಸ್ತುವೆಲ್ಲವೂ ತನ್ನದೇ ಎಂಬುದು ಮನುಷ್ಯನ ಹಳೆಯ ಭ್ರಮೆ. ಅಮೆರಿಕಾ ದೇಶದ ಮನೆಗಳಲ್ಲಿ ನಡೆದ ಒಂದು ಪರಿವರ್ತನೆಯು ಇದಕ್ಕೆ ತಕ್ಕ ದೃಷ್ಟಾಂತವಾಗಿದೆ.

1999ರಲ್ಲಿ ಅಲ್ಲಿ ‘ಟಿವೊ’ ಎಂಬ ಪೆಟ್ಟಿಗೆಯು ಮಾರಾಟಕ್ಕೆ ಬಂದಿತು. ಟೆಲಿವಿಷನ್ನಿನ ಕಾರ್ಯಕ್ರಮಗಳನ್ನು ತನ್ನೊಳಗಿನ ಹಾರ್ಡ್ ಡಿಸ್ಕ್ ಎಂಬ ಕಾಂತತಟ್ಟೆಯಲ್ಲಿ ಮುದ್ರಿಸಿಕೊಂಡು, ಬೇಕೆಂದಾಗ ತೋರಿಸುವುದು ಅದರ ಕೆಲಸ. ತರುವಾಯ ಕೇಬಲ್ ಸಂಸ್ಥೆಗಳೂ ಅಂತಹವನ್ನೇ ಬಾಡಿಗೆಗೆ ಕೊಟ್ಟವು. ‘ನಾಳೆ ನೋಡೋಣ’ವೆಂದು ಜನರು ತುಂಬುತ್ತ ಹೋದರು. ತಟ್ಟೆಯು ತುಂಬಿದಾಗ ಹಳೆಯದು ಅಳಿದು ಹೊಸದಕ್ಕೆ ಎಡೆಯಾಯಿತು. ಬಾಡಿಗೆಯ ಪೆಟ್ಟಿಗೆಯನ್ನು ಹಿಂದಿರುಗಿಸಿದ ದಿನ ಕೂಡಿಟ್ಟುದೆಲ್ಲವೂ ಅದರೊಡನೆಯೇ ಹೋಯಿತು.

2007ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಅಂತರ್ಜಾಲದ ಮೂಲಕ ಚಿತ್ರಗಳನ್ನು ಹರಿಸತೊಡಗಿತು. 2008ರಲ್ಲಿ ಅದನ್ನು ಟೆಲಿವಿಷನ್ನಿಗೆ ತಲುಪಿಸುವ ‘ರೋಕು’ ಎಂಬ ಚಿಕ್ಕ ಸಾಧನವು ಬಂದಿತು. ಇಲ್ಲಿ ಮುದ್ರಿಸಿಡುವ ಗೋಜಿಲ್ಲ. ಚಿತ್ರವು ದೂರದ ಭಂಡಾರದಿಂದ ಹರಿದು ಬಂದು ಹಾಗೆಯೇ ಸರಿದುಹೋಗುವುದು. ಹಾಗಾದರೆ ಕೂಡಿಡುವ ಆಶೆಯು ಅಳಿಯಿತೇ? ಇಲ್ಲ. ಪೆಟ್ಟಿಗೆಯಲ್ಲಿದ್ದ ‘ನಾಳೆ’ಯು ಈಗ ‘ನನ್ನ ಪಟ್ಟಿ’ಯಲ್ಲಿ ಕುಳಿತಿದೆ. ಹಕ್ಕಿನ ಒಪ್ಪಂದವು ಮುಗಿದರೆ ಪಟ್ಟಿಯಲ್ಲಿದ್ದ ಚಿತ್ರವೂ ಇಲ್ಲವಾಗುವುದು.

ಪೆಟ್ಟಿಗೆಯಲ್ಲಿದ್ದುದು ಪೆಟ್ಟಿಗೆಯದು, ಪ್ರವಾಹದಲ್ಲಿ ಬಂದುದು ಪ್ರವಾಹದ್ದು. ಹಾಗಾದರೆ ನಮ್ಮದಾವುದು? ಕಿವಿಗೊಟ್ಟು ಕೇಳಿ, ಮನನಮಾಡಿ, ನಡೆಯಲ್ಲಿ ತಂದುದೊಂದೇ ನಮ್ಮದು. ಪ್ರವಚನವನ್ನು ಕೇಳುವ ಬದಲು ಮುದ್ರಿಸಿಕೊಂಡು ನಾಳೆಗೆ ಮೀಸಲಿಡುವ ನಮಗೂ ಈ ಮಾತು ಸಲ್ಲುವುದು. ಆದುದರಿಂದ ಕೇಳತಕ್ಕುದನ್ನು ಇಂದೇ ಕೇಳಿರಿ. ಕೇಳಿದುದನ್ನು ಇಂದೇ ನಡೆಯಲ್ಲಿ ತಂದುಕೊಳ್ಳಿರಿ.